ನಿಮಗಿದು ಗೊತ್ತೆ? ಅಕ್ಷರಕ್ಕೂ ಮೊದಲೇ ಆಕಾಶದ ಚಿತ್ರ!

ಓದು ಬರಹ ಸರಿಯಾಗಿ ಬಾರದ ಮಕ್ಕಳೂ ಆಕಾಶದಿಂದ ತೆಗೆದ ಚಿತ್ರವನ್ನು ‘ಓದಬಲ್ಲರು’! ನಕ್ಷೆಯ ಪಾಠವೇ ಆಗದ ಐದಾರು ವರ್ಷದವರು ಅದರಲ್ಲಿ ಮನೆ, ರಸ್ತೆ, ಮರಗಳನ್ನು ಬೆರಳಿಟ್ಟು ತೋರಿಸುತ್ತಾರೆ. ಭೂಗೋಳಜ್ಞ ಜೇಮ್ಸ್ ಬ್ಲಾಟ್ ಮತ್ತು ಸಂಗಡಿಗರು ಅಮೆರಿಕ, ಪೋರ್ಟೊ ರಿಕೊದ ಮಕ್ಕಳಲ್ಲಿ ಇದನ್ನು ಕಂಡು 1970ರಲ್ಲಿ ಪ್ರಕಟಿಸಿದರು.

ಎಡವಟ್ಟೂ ಉಂಟು. ಇಂಥ ಚಿತ್ರದಲ್ಲಿ ಟೆನಿಸ್ ಅಂಗಳ ಪುಟಾಣಿಯೊಬ್ಬರಿಗೆ ಬಾಗಿಲಿನಂತೆ ಕಂಡಿತ್ತು! ಆಕಾರ ಸರಿ, ಅಳತೆ ತಪ್ಪು.

ನಿಮ್ಮ ಮನೆಯ ಮಕ್ಕಳನ್ನೂ ಪರೀಕ್ಷಿಸಿ. ಇಸ್ರೋ 2009ರಲ್ಲಿ ಆರಂಭಿಸಿದ ‘ಭುವನ್’ ಜಾಲತಾಣದಲ್ಲಿ ಬೆಂಗಳೂರಿನ ರಾಜಾಜಿನಗರದ ಉಪಗ್ರಹ ಚಿತ್ರ ತೆರೆಯಿರಿ. ಮೆಟ್ರೊ ಹಸಿರು ಮಾರ್ಗ ಉದ್ದನೆಯ ಪಟ್ಟಿ. ಪಕ್ಕದಲ್ಲಿ ಸಾಲು ಸಾಲು ತಾರಸಿಗಳು. ಇಸ್ಕಾನ್ ಗುಡ್ಡ ಎಲ್ಲಿದೆ, ಕೇಳಿ ನೋಡಿ.

ಕಟ್ಟಡದ ಎತ್ತರ ತಿಳಿಯಬೇಕೆ? ನೆರಳಿನ ಉದ್ದ ನೋಡಿ. ಆದರೆ ಈ ಉಪಾಯ ವರ್ಷಕ್ಕೆ ಎರಡು ಬಾರಿ ಕೈಕೊಡುತ್ತದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು ಸೂರ್ಯ ನಡುಹಗಲಿನಲ್ಲಿ ಬೆಂಗಳೂರಿನ ನೆತ್ತಿಯ ಮೇಲೇ ಇರುತ್ತಾನೆ. ಆ ಗಳಿಗೆ ನೆಟ್ಟಗೆ ನಿಂತ ಕಂಬಕ್ಕೂ ನೆರಳಿಲ್ಲ!