ಮ್ಯಾನೇಜ್‌ಮೆಂಟ್ ಕೋಟಾ ಇಲ್ಲದ ಕಾಲೇಜು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಮೂಡುಬಿದಿರೆ ಪೇಟೆಯನ್ನು ನೋಡಬೇಕು. ಘಟ್ಟದ ಮೇಲಿನ ಜಿಲ್ಲೆಗಳ ನಂಬರಿನ ಕಾರುಗಳು, ಪ್ಲಾಸ್ಟಿಕ್ ಫೈಲನ್ನು ಎದೆಗೊತ್ತಿಕೊಂಡ ಅಪ್ಪಂದಿರು, ಹಾಸ್ಟೆಲಿಗೆ ಬೇಕಾಗುವ ಬಕೆಟ್ಟು, ಹಾಸಿಗೆಯ ಲೆಕ್ಕ ಹಾಕುವ ಅಮ್ಮಂದಿರು. ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲೂ ಇದೇ ನೋಟ. ಪಿಸಿಎಂಬಿಯೋ ಪಿಸಿಎಂಸಿಯೋ, ಫೀಸು ಎಷ್ಟು, ಪರಿಚಯದವರು ಯಾರಿದ್ದಾರೆ ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. ಈ ಗದ್ದಲದ ನಡುವೆ ಒಬ್ಬ ಹುಡುಗನೋ ಹುಡುಗಿಯೋ ಮೆಲ್ಲನೆ, ‘ನನಗೆ ಆರ್ಮಿ ಆಫೀಸರ್ ಆಗಬೇಕು’ ಎಂದುಬಿಟ್ಟರೆ ಅಪ್ಪ ಅಮ್ಮ ಮುಖ ಮುಖ ನೋಡಿಕೊಳ್ಳುತ್ತಾರೆ. ಅವರಿಗೆ ಗೊತ್ತಿರುವ ಯಾವ ಕಾಲೇಜಿನ ಗೇಟೂ ಅತ್ತ ತೆರೆಯುವುದಿಲ್ಲ.

ಹಾಗೆ ನೋಡಿದರೆ ಅವರದೇನೂ ತಪ್ಪಿಲ್ಲ. ಪಕ್ಕದ ಕೊಡಗಿನಲ್ಲಿ ಕಾರ್ಯಪ್ಪ, ತಿಮ್ಮಯ್ಯ ಮನೆಮಾತು. ಪ್ರತಿ ಊರಿನಲ್ಲೂ ದಾರಿ ಹೇಳುವ ಒಬ್ಬ ನಿವೃತ್ತ ಸುಬೇದಾರರೋ ಕರ್ನಲ್ಲರೋ ಸಿಗುತ್ತಾರೆ. ನಮ್ಮ ಕಡೆ ಹಾಗಲ್ಲ. ಬಂಟ್ವಾಳ ಸೀಮೆಯ ಅಮ್ಮೆಂಬಳವನ್ನು ಹೆಸರಿನಲ್ಲೇ ಇಟ್ಟುಕೊಂಡಿದ್ದ ಸುಬ್ಬರಾವ್ ಪೈಗಳು 1906ರಲ್ಲಿ ಕಟ್ಟಿದ್ದು ಬ್ಯಾಂಕು. ಕರಾವಳಿಯ ಮಕ್ಕಳು ಬ್ಯಾಂಕಿಗೆ, ಮುಂಬೈಯ ಹೋಟೆಲಿಗೆ, ಗಲ್ಫಿಗೆ, ಈಚೆಗೆ ಬೆಂಗಳೂರಿನ ಐಟಿ ಕಂಪನಿಗೆ ಹೋಗುವ ದಾರಿಯನ್ನು ಕಣ್ಣುಮುಚ್ಚಿಕೊಂಡು ಹೇಳಬಲ್ಲ ಮಾವಂದಿರು, ಚಿಕ್ಕಪ್ಪಂದಿರು ಎಲ್ಲ ಮನೆಯಲ್ಲೂ ಇದ್ದಾರೆ. ಖಡಕ್‌ವಾಸ್ಲಾದ ದಾರಿ ಹೇಳುವವರು ಕಡಿಮೆ.

ಖಡಕ್‌ವಾಸ್ಲಾ ಎಂದರೆ ಪುಣೆ ಸಮೀಪದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಎಲ್ಲರ ಬಾಯಲ್ಲಿ ಎನ್‌ಡಿಎ. ಪಿಯುಸಿ ಮುಗಿಸಿದವರು ಮೂರು ವರ್ಷ ಅಲ್ಲಿ ಓದಿ, ತರಬೇತಿ ಪಡೆದು, ಜೆಎನ್‌ಯು ಪದವಿಯೊಂದಿಗೆ ಹೊರಬರುತ್ತಾರೆ. ಬಳಿಕ ಭೂಸೇನೆಯವರು ಡೆಹ್ರಾಡೂನಿಗೆ, ವಾಯುಪಡೆಯವರು ಹೈದರಾಬಾದ್ ಬಳಿಯ ದುಂಡಿಗಲ್‌ಗೆ, ನೌಕಾಪಡೆಯವರು ಏಳಿಮಲಕ್ಕೆ. ಈ ಏಳಿಮಲ ನಮ್ಮ ಕರಾವಳಿಯವರಿಗೆ ದೂರವೇನಲ್ಲ. ಮಂಗಳೂರಿನಲ್ಲಿ ರೈಲು ಹತ್ತಿ ಕಾಸರಗೋಡು ದಾಟಿದರೆ ಪಯ್ಯನ್ನೂರು. ಅಲ್ಲೇ ಕಡಲಿಗೆ ಚಾಚಿಕೊಂಡ ಗುಡ್ಡದ ಬುಡದಲ್ಲಿ ಭಾರತೀಯ ನೌಕಾ ಅಕಾಡೆಮಿ. 2009ರ ಜನವರಿ 8ರಂದು ಪ್ರಧಾನಿ ಮನಮೋಹನ ಸಿಂಗ್ ಉದ್ಘಾಟಿಸಿದ್ದು. ಎನ್‌ಡಿಎ ಪರೀಕ್ಷೆ ಬರೆದವರಲ್ಲೇ ಕೆಲವರಿಗೆ ಪಿಯುಸಿ ನಂತರ ನೇರವಾಗಿ ಅಲ್ಲಿ ನಾಲ್ಕು ವರ್ಷದ ಬಿಟೆಕ್ ಸೀಟೂ ಸಿಗುತ್ತದೆ.

2025ರ ಮೊದಲ ಪರೀಕ್ಷೆಗೆ ಯುಪಿಎಸ್‌ಸಿ ಪ್ರಕಟಿಸಿದ ಸ್ಥಾನಗಳು ಒಟ್ಟು 406. ಇವುಗಳಲ್ಲಿ ಡೊನೇಷನ್ ಸೀಟಿಲ್ಲ, ಮ್ಯಾನೇಜ್‌ಮೆಂಟ್ ಕೋಟಾ ಇಲ್ಲ, ಎನ್‌ಆರ್‌ಐ ಕೋಟಾ ಇಲ್ಲ. ಲಕ್ಷಗಟ್ಟಲೆ ಕೊಟ್ಟರೆ ‘ಒಳಗಿನಿಂದ ಮಾಡಿಸುತ್ತೇನೆ’ ಎನ್ನುವವನು ಸಿಕ್ಕಿದರೆ ಅವನು ಮೋಸಗಾರ, ಅಷ್ಟೇ. ಮಕ್ಕಳ ಓದಿನ ವಿಷಯದಲ್ಲಿ ಓಡಾಡಿ, ಕೇಳಿ, ಹೇಳಿಸಿ ಏನಾದರೂ ಒಂದು ದಾರಿ ಮಾಡಿಕೊಂಡೇ ಅಭ್ಯಾಸವಾದ ನಮ್ಮ ಕರಾವಳಿಯ ತಂದೆತಾಯಿಗೆ ಇದು ಕೈಕಟ್ಟಿ ಹಾಕಿದ ಹಾಗೆ. ಹೆತ್ತವರು ಮಾಡಬೇಕಾದ ಕೆಲಸ ಇಲ್ಲವೆಂದಲ್ಲ. ಅದು ಸಣ್ಣದು, ಬಹಳ ಮೊದಲೇ ಮಾಡಬೇಕಾದದ್ದು.

ಮೊದಲನೆಯದು ಪಿಯು ಪ್ರವೇಶದ ಹೊತ್ತಿನದೇ. ಭೂಸೇನೆಗೆ ಯಾವ ವಿಭಾಗದಲ್ಲಿ ಪಿಯುಸಿ ಮಾಡಿದರೂ ಅರ್ಜಿ ಹಾಕಬಹುದು; ವಾಯುಪಡೆ, ನೌಕಾಪಡೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕು. ‘ಆರ್ಮಿಗೆ ಕಾಮರ್ಸ್ ಆದರೂ ನಡೆಯುತ್ತದಂತೆ’ ಎಂದು ಗಣಿತ ಬಿಟ್ಟ ಮಕ್ಕಳು ಆಮೇಲೆ ಪೇಚಾಡುತ್ತಾರೆ. ಏಕೆಂದರೆ ಲಿಖಿತ ಪರೀಕ್ಷೆಯ 900 ಅಂಕಗಳಲ್ಲಿ 300 ಗಣಿತದ್ದೇ. ಅದೂ ಎರಡೂವರೆ ಗಂಟೆಯಲ್ಲಿ 120 ಪ್ರಶ್ನೆ. ಉಳಿದ 600 ಅಂಕಗಳ ಸಾಮಾನ್ಯ ಸಾಮರ್ಥ್ಯದ ಪತ್ರಿಕೆಯಲ್ಲಿ 200 ಇಂಗ್ಲಿಷ್‌ಗೆ. ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಅನ್ಯಾಯವೆಂದೇ ಹೇಳಬೇಕು. ಹೈಸ್ಕೂಲಿನಿಂದಲೇ ಮನೆಗೆ ಒಂದು ಇಂಗ್ಲಿಷ್ ಪೇಪರು ತರಿಸುವುದು ಸದ್ಯಕ್ಕಿರುವ ಉಪಾಯ.

ಇನ್ನೊಂದು ವಿಚಿತ್ರವಿದೆ. ಶೇಕಡಾ 98 ಬಂದರೂ ‘ಎರಡು ಮಾರ್ಕು ಎಲ್ಲಿ ಹೋಯಿತು’ ಎಂದು ಕೇಳುವ ಊರು ನಮ್ಮದು. ಎನ್‌ಡಿಎ ಲಿಖಿತ ಪರೀಕ್ಷೆಯ ಕಟ್ ಆಫ್ ಕೆಲವು ವರ್ಷ 900ಕ್ಕೆ 300ರಿಂದ 360ರ ಆಸುಪಾಸಿನಲ್ಲಿ ನಿಂತದ್ದುಂಟು. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಮೂರರಲ್ಲೊಂದು ಪಾಲು ಅಂಕ ಕಳೆಯುತ್ತಾರೆ. ಎಲ್ಲವನ್ನೂ ಬರೆದು ಮುಗಿಸಿಯೇ ಏಳಬೇಕೆಂದು ಹತ್ತು ವರ್ಷ ಕಲಿಸಿದ ಮಗುವಿಗೆ ಗೊತ್ತಿಲ್ಲದ್ದನ್ನು ಬಿಟ್ಟುಬಿಡುವ ಧೈರ್ಯ ಬರುವುದು ಸುಲಭವಲ್ಲ. ಮನೆಯಲ್ಲಿ ಮಾರ್ಕಿನ ಮಾತು ಕಡಿಮೆಯಾದಷ್ಟೂ ಇಲ್ಲಿ ಲಾಭ.

ಪರೀಕ್ಷೆ ವರ್ಷಕ್ಕೆರಡು ಬಾರಿ, ಏಪ್ರಿಲ್ ಮತ್ತು ಸೆಪ್ಟೆಂಬರಿನಲ್ಲಿ. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ದ್ವಿತೀಯ ಪಿಯುಸಿಯಲ್ಲಿ ಓದುತ್ತಿರುವಾಗಲೇ ಬರೆಯಬಹುದು. ಏಪ್ರಿಲ್‌ನದ್ದು ಸಿಇಟಿ, ಜೆಇಇ, ನೀಟ್‌ಗಳ ನೂಕುನುಗ್ಗಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ದ್ವಿತೀಯ ಪಿಯುಸಿ ವರ್ಷದ ಸೆಪ್ಟೆಂಬರೇ ಮೊದಲ ಪ್ರಯತ್ನಕ್ಕೆ ವಾಸಿ. ಪರೀಕ್ಷಾ ಕೇಂದ್ರವನ್ನು ಮೊದಲು ಅರ್ಜಿ ಹಾಕಿದವರಿಗೆ ಮೊದಲು ಕೊಡುತ್ತಾರೆ. ಕೊನೆಯ ದಿನ ರಾತ್ರಿ ಸೈಬರ್ ಸೆಂಟರಿಗೆ ಓಡಿದರೆ ದೂರದ ಯಾವುದೋ ಊರು ಗಂಟುಬೀಳಬಹುದು.

ಕಣ್ಣು, ಕಿವಿ, ಹಲ್ಲಿನ ವಿಷಯ ಇನ್ನೂ ಮುಖ್ಯ. ಬಣ್ಣ ಗುರುತಿಸುವುದರಲ್ಲಿ ದೋಷ, ಚಪ್ಪಟೆ ಪಾದ, ಒಂದಕ್ಕೊಂದು ತಾಗುವ ಮಂಡಿ, ಇವೆಲ್ಲ ಎರಡು ವರ್ಷ ಕೋಚಿಂಗ್ ಮುಗಿಸಿ, ಸಂದರ್ಶನವನ್ನೂ ಗೆದ್ದ ಮೇಲೆ ಸೇನಾ ಆಸ್ಪತ್ರೆಯಲ್ಲಿ ಗೊತ್ತಾದರೆ ಆ ಮನೆಯ ಸಂಕಟ ಹೇಳತೀರದು. ಒಂಬತ್ತನೇ ತರಗತಿಯಲ್ಲೇ ಕಣ್ಣಿನ ಡಾಕ್ಟರರ ಬಳಿ ಒಮ್ಮೆ ಹೋಗಿಬಂದರೆ ಅರ್ಧ ಆತಂಕ ಕಳೆಯಿತು. ಕನ್ನಡಕ ಹೋಗಲೆಂದು ಲೇಸಿಕ್ ಮಾಡಿಸಿಬಿಡುವ ತಂದೆತಾಯಂದಿರಿದ್ದಾರೆ. ಒಳ್ಳೆಯದೆಂದೇ ಮಾಡುತ್ತಾರೆ, ಆದರೆ ಲೇಸಿಕ್ ಆದವರನ್ನು ಎನ್‌ಡಿಎಗೆ ತೆಗೆದುಕೊಳ್ಳುವುದಿಲ್ಲ. ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಳ್ಳುವ ಮೊದಲೂ ನಿಯಮ ಓದಿಕೊಳ್ಳಬೇಕು.

ದೇಹದ ತಯಾರಿಗೆ ಯುಪಿಎಸ್‌ಸಿ ಅಧಿಸೂಚನೆಯೇ ಸಲಹೆ ಕೊಟ್ಟಿದೆ: 15 ನಿಮಿಷದಲ್ಲಿ 2.4 ಕಿಲೋಮೀಟರ್ ಓಟ, ತಲಾ 20 ಪುಷ್‌ಅಪ್, ಸಿಟ್‌ಅಪ್, 8 ಚಿನ್‌ಅಪ್, ಮೂರುನಾಲ್ಕು ಮೀಟರ್ ಹಗ್ಗ ಹತ್ತುವುದು. ಕಾಲಿಗೆ ತಳೆ ಹಾಕಿ ಅಡಿಕೆ ಮರ ಹತ್ತಬಲ್ಲ ಬಂಟ್ವಾಳದ ಹುಡುಗನಿಗೆ ಕೊನೆಯದು ಆಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಓಟ ತಪ್ಪದಂತೆ ನೋಡಿಕೊಳ್ಳುವುದೇ ಇಲ್ಲಿನ ಕಷ್ಟ.

ಲಿಖಿತ ಪರೀಕ್ಷೆ ದಾಟಿದವರಿಗೆ ಸೇನೆಯ ಆಯ್ಕೆ ಮಂಡಳಿಯ ಪರೀಕ್ಷೆ, ಅಂದರೆ ಎಸ್‌ಎಸ್‌ಬಿ. ಇದಕ್ಕೂ 900 ಅಂಕ. ಬೆಂಗಳೂರು, ಮೈಸೂರು, ಭೋಪಾಲ್, ಪ್ರಯಾಗ್‌ರಾಜ್, ಎಲ್ಲಿಗಾದರೂ ಕರೆ ಬರಬಹುದು. ಐದು ದಿನದ ಪರೀಕ್ಷೆ, ಆದರೆ ಹೆಚ್ಚಿನವರು ಮೊದಲ ದಿನವೇ ವಾಪಸು. ರಾತ್ರಿ ಬಸ್ಸಿನಲ್ಲಿ ಘಟ್ಟ ಹತ್ತಿಸಿ ಕಳಿಸಿದ ಮಗ ಮರುದಿನ ಮಧ್ಯಾಹ್ನವೇ ‘ಅಮ್ಮಾ, ಸ್ಕ್ರೀನ್ಡ್ ಔಟ್’ ಎಂದು ಫೋನ್ ಮಾಡುವ ಗಳಿಗೆಗೆ ಮನೆಯವರು ಸಿದ್ಧರಿರಬೇಕು. ಉಳಿದವರಿಗೆ ಮುಂದೆ ಮನಶ್ಶಾಸ್ತ್ರದ ಪರೀಕ್ಷೆಗಳು. ಪರದೆಯ ಮೇಲೆ ಒಂದೊಂದೇ ಪದ ಮೂಡುತ್ತದೆ, ಹದಿನೈದು ಸೆಕೆಂಡಿನಲ್ಲಿ ಒಂದು ವಾಕ್ಯ. ಹೀಗೆ ಅರವತ್ತು ಪದ. ಅರ್ಧ ಗಂಟೆಯಲ್ಲಿ ಅರವತ್ತು ಸನ್ನಿವೇಶಗಳಿಗೆ ಉತ್ತರ. ಚಿತ್ರ ನೋಡಿ ಕತೆ ಬರೆಯುವುದು. ಗುಂಪಿನಲ್ಲಿ ಹಲಗೆ, ಹಗ್ಗ ಬಳಸಿ ಅಡೆತಡೆ ದಾಟುವುದು.

ಬಾಯಿಪಾಠ ಮಾಡಿದ ಉತ್ತರ ಇಲ್ಲಿ ಬೇಗ ಬಣ್ಣಗೆಡುತ್ತದೆ. ಸಂದರ್ಶನದ ಅಧಿಕಾರಿ ಕೇಳುವುದೆಲ್ಲ ಮನೆಯ ಮಾತೇ: ಅಪ್ಪನ ಜತೆ ಸಲಿಗೆಯೋ ಅಮ್ಮನ ಜತೆಯೋ, ಮನೆಯಲ್ಲಿ ನಿನ್ನ ಪಾಲಿನ ಕೆಲಸ ಯಾವುದು, ನೀನೇ ಮುಂದೆ ನಿಂತು ನಡೆಸಿದ್ದು ಏನು. ‘ನೀನು ಓದಿಕೋ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ’ ಎಂದು ನೀರಿನ ಲೋಟವನ್ನೂ ಕೈಗೆ ತಂದುಕೊಟ್ಟು ಬೆಳೆಸಿದ ಮಕ್ಕಳು ತಡವರಿಸುವುದು ಇಲ್ಲೇ. ತೋಟದ ಪಂಪು ಕೆಟ್ಟರೆ ಮೆಕ್ಯಾನಿಕನನ್ನು ಕರೆತಂದವಳಿಗೆ, ಅಜ್ಜಿಯನ್ನು ಒಬ್ಬನೇ ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ದವನಿಗೆ, ಗಣೇಶೋತ್ಸವದ ಲೆಕ್ಕ ಬರೆದವನಿಗೆ ಹೇಳಲು ಏನಾದರೂ ಇರುತ್ತದೆ. ಮಗನನ್ನು ಎನ್‌ಡಿಎಗೆ ಕಳಿಸಬೇಕೆನ್ನುವ ಅಪ್ಪ ಮೊದಲು ಅವನ ಕೈಯಲ್ಲಿ ದುಡ್ಡು ಕೊಟ್ಟು ಸೊಸೈಟಿಗೆ ಕಳಿಸಲಿ. ತಪ್ಪಿದರೆ ಬೈಯದಿರಲಿ.

ಖರ್ಚಿನ ಬಗ್ಗೆ ಎರಡು ತಪ್ಪು ತಿಳಿವಳಿಕೆಗಳಿವೆ. ಒಂದು, ಬಹಳ ದುಬಾರಿ ಎಂಬುದು. ಇನ್ನೊಂದು, ಸೇರಿದ ದಿನದಿಂದಲೇ ಸಂಬಳ ಎಂಬುದು. ಊಟ, ವಸತಿ, ಪುಸ್ತಕ, ಸಮವಸ್ತ್ರ, ಚಿಕಿತ್ಸೆ ಎಲ್ಲ ಸರ್ಕಾರದ್ದು. ಕೈಖರ್ಚು ಮಾತ್ರ ಮನೆಯವರದು. ಅದು ತಿಂಗಳಿಗೆ 3,000 ರೂಪಾಯಿ ಮೀರಲಾರದೆಂದು ಅಧಿಸೂಚನೆ ಹೇಳುತ್ತದೆ. ತಿಂಗಳಿಗೆ 56,100 ರೂಪಾಯಿಯ ಸ್ಟೈಪೆಂಡ್ ಬರುವುದು ಖಡಕ್‌ವಾಸ್ಲಾದ ಮೂರು ವರ್ಷ ಕಳೆದು ಡೆಹ್ರಾಡೂನಿನಂಥ ಅಕಾಡೆಮಿ ಸೇರಿದ ಮೇಲೆ. ಸೇರುವಾಗ ತಂದೆತಾಯಿ ಸಹಿ ಹಾಕುವ ಕಾಗದಗಳನ್ನು ಕುಳಿತು ಓದಬೇಕು. ಸಕಾರಣವಿಲ್ಲದೆ ನಡುವೆ ಬಿಟ್ಟುಬಂದರೆ ತರಬೇತಿಯ ವೆಚ್ಚ ತುಂಬಿಕೊಡಬೇಕಾಗುತ್ತದೆ. ತರಬೇತಿಯಲ್ಲಿ ಗಾಯಗೊಂಡು ಅಂಗವೈಕಲ್ಯದಿಂದ ಹೊರಬಿದ್ದ ಕೆಡೆಟ್‌ಗಳಿಗೆ ಮಾಜಿ ಸೈನಿಕರ ಸ್ಥಾನಮಾನವಿಲ್ಲ ಎಂಬ ಕಹಿ ಸಂಗತಿಯನ್ನು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡಿತು. ಆ ಪೀಠದ ನೇತೃತ್ವ ವಹಿಸಿದವರು ಕನ್ನಡತಿ, ನ್ಯಾಯಮೂರ್ತಿ ಬಿ.ವಿ. ನಾಗರತ್ನ.

ಇಷ್ಟೆಲ್ಲ ಹೇಳಿದರೂ ಅಮ್ಮಂದಿರ ಪ್ರಶ್ನೆ ಬೇರೆಯೇ ಇರುತ್ತದೆ. ಅದನ್ನು ಅವರು ಕೇಳುವುದಿಲ್ಲ, ಎದ್ದು ಒಳಗೆ ಹೋಗುತ್ತಾರೆ. 2016ರ ಜುಲೈಯಲ್ಲಿ 29 ಜನರೊಂದಿಗೆ ಬಂಗಾಳ ಕೊಲ್ಲಿಯ ಮೇಲೆ ಕಣ್ಮರೆಯಾದ ವಾಯುಪಡೆಯ ಎಎನ್-32 ವಿಮಾನದ ಸುದ್ದಿಗಾಗಿ ಬೆಳ್ತಂಗಡಿ ತಾಲ್ಲೂಕಿನ ಮನೆಯೊಂದೂ ಕಾದಿತ್ತು. ಅವಶೇಷ ಗುರುತಿಸಿದ ಸುದ್ದಿ ಬಂದದ್ದು 2024ರ ಜನವರಿಯಲ್ಲಿ. 2023ರ ನವೆಂಬರ್‌ನಲ್ಲಿ ರಾಜೌರಿಯಲ್ಲಿ ಹುತಾತ್ಮರಾದ ಕ್ಯಾಪ್ಟನ್ ಎಂ.ವಿ. ಪ್ರಾಂಜಲ್ ಮಂಗಳೂರು ಬಳಿಯ ಎಂಆರ್‌ಪಿಎಲ್ ಶಾಲೆಯಲ್ಲಿ ಓದಿದವರು. ಈ ಭಯವನ್ನು ದೇಶಭಕ್ತಿಯ ಭಾಷಣದಿಂದ ಮುಚ್ಚಲಾಗದು, ಮುಚ್ಚಲೂಬಾರದು. ಮಗನೋ ಮಗಳೋ ಎದುರಿಗಿರುವಾಗಲೇ ಅದನ್ನು ಬಾಯಿಬಿಟ್ಟು ಮಾತನಾಡಿದ ಮನೆಗಳು ಆಮೇಲೆ ಗಟ್ಟಿಯಾಗಿ ನಿಲ್ಲುತ್ತವೆ.

ಮಗಳು ಎಂದದ್ದು ಮಾತಿಗಲ್ಲ. 2021ರ ಆಗಸ್ಟ್ 18ರ ಸುಪ್ರೀಂ ಕೋರ್ಟ್ ಆದೇಶ ಹುಡುಗಿಯರಿಗೂ ಎನ್‌ಡಿಎ ಪರೀಕ್ಷೆ ಬರೆಯಲು ದಾರಿ ಮಾಡಿತು. ಮೊದಲ ತಂಡದ 17 ಯುವತಿಯರು 2025ರ ಮೇ 30ರಂದು ಖಡಕ್‌ವಾಸ್ಲಾದಿಂದ ತೇರ್ಗಡೆಯಾಗಿ ಹೊರಬಂದರು. ಹುಡುಗಿಯರಿಗೆ ಅರ್ಜಿ ಶುಲ್ಕವಿಲ್ಲ. ರಾಣಿ ಅಬ್ಬಕ್ಕನ ಚೌಟ ಮನೆತನದ ಅರಮನೆ ಮೂಡುಬಿದಿರೆಯಲ್ಲೇ ಇರುವಾಗ, ‘ಹೆಣ್ಣುಮಕ್ಕಳಿಗೆ ಯಾಕೆ’ ಎಂದು ಇಲ್ಲಿ ಯಾರಾದರೂ ಕೇಳಿದರೆ ಅರಮನೆಯ ಕಡೆ ಕೈತೋರಿಸಿದರೆ ಸಾಕು.

ಮಗು ಇನ್ನೂ ಚಿಕ್ಕದಿದ್ದರೆ ಆರನೇ ಅಥವಾ ಒಂಬತ್ತನೇ ತರಗತಿಗೆ ಸೈನಿಕ ಶಾಲೆಯ ದಾರಿಯಿದೆ. ವಿಜಯಪುರದ್ದು 1963ರದು, ಕಾರ್ಗಿಲ್‌ನ ತೋಲೋಲಿಂಗ್ ಗೆದ್ದ ಪಡೆಯನ್ನು ಮುನ್ನಡೆಸಿ ವೀರಚಕ್ರ ಪಡೆದ ದಾವಣಗೆರೆಯ ಕರ್ನಲ್ ಎಂ.ಬಿ. ರವೀಂದ್ರನಾಥ್ ಅಲ್ಲಿ ಕಲಿತವರು. ಬಂಟ್ವಾಳಕ್ಕೆ ಹತ್ತಿರವಾದದ್ದು 2007ರಲ್ಲಿ ಶುರುವಾದ ಕೊಡಗಿನ ಕೂಡಿಗೆಯ ಶಾಲೆ. ಎನ್‌ಡಿಎ ಕೈತಪ್ಪಿದರೂ ಪದವಿಯ ನಂತರ ಅಧಿಕಾರಿಯಾಗಲು ಸಿಡಿಎಸ್ ಪರೀಕ್ಷೆ ಇದೆ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿ ‘ಸಿ’ ಸರ್ಟಿಫಿಕೇಟ್ ಪಡೆದವರಿಗೆ ಲಿಖಿತ ಪರೀಕ್ಷೆಯಿಲ್ಲದೆ ನೇರ ಎಸ್‌ಎಸ್‌ಬಿಗೆ ಹೋಗುವ ವಿಶೇಷ ಪ್ರವೇಶವೂ ಇದೆ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಮಗುವಿನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್ ಕಾರ್ಡನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಬರೀ ಇನಿಷಿಯಲ್, ಇನ್ನೊಂದರಲ್ಲಿ ಶೆಟ್ಟಿ, ಪೂಜಾರಿ, ಬಂಗೇರ, ಡಿಸೋಜ ಎಂದು ಪೂರ್ತಿ ಹೆಸರು ಇರುವುದು ನಮ್ಮಲ್ಲಿ ತೀರಾ ಸಾಮಾನ್ಯ. ಜನ್ಮದಿನಾಂಕಕ್ಕೆ ಯುಪಿಎಸ್‌ಸಿ ಒಪ್ಪುವುದು ಹತ್ತನೇ ತರಗತಿಯ ದಾಖಲೆಯನ್ನು. ವ್ಯತ್ಯಾಸ ಇದ್ದರೆ ಈಗಲೇ ಸರಿಪಡಿಸಿಕೊಳ್ಳಿ; ಏಪ್ರಿಲ್ ಪರೀಕ್ಷೆಯ ಅಧಿಸೂಚನೆ ಡಿಸೆಂಬರಿನಲ್ಲೇ ಬರುತ್ತದೆ.