ಅರ್ಥಶಾಸ್ತ್ರದ ಲೇಖನಪ್ರತಿಯನ್ನು ಸಿದ್ಧಪಡಿಸುವ ಕ್ರಮ

ಸಾಹಿತ್ಯವಿಚಾರಕ್ಕೆ ಮೀಸಲಾದ ಪತ್ರಿಕೆಯಲ್ಲಿ ಈ ವಿಷಯವೇಕೆಂದು ವಾಚಕರು ಕೇಳಬಹುದು. ಅರ್ಥಶಾಸ್ತ್ರದ ಅಧ್ಯಾಪಕನಾಗಿರುವ ನನ್ನ ಸೋದರಳಿಯನು ರೈತರ ಸಾಲವನ್ನು ಕುರಿತು ಎರಡು ವರ್ಷ ಶ್ರಮಪಟ್ಟು ಬರೆದ ಪ್ರಬಂಧವನ್ನು ಕಳೆದ ವರ್ಷ ಒಂದು ಪತ್ರಿಕೆಗೆ ಕಳುಹಿಸಲು, ಅದು ಪರೀಕ್ಷಕರ ಕೈಯನ್ನೂ ಸೇರದೆ ಹಿಂದಿರುಗಿ ಬಂದಿತು. ಪ್ರತಿಯು ನಿಯಮಾನುಸಾರವಾಗಿಲ್ಲವೆಂಬುದಿಷ್ಟೇ ಉತ್ತರ. “ತಿರುಳನ್ನು ಬಿಟ್ಟು ಸಿಪ್ಪೆಯನ್ನು ನೋಡಿದರು, ಮಾವ” ಎಂದು ಅವನು ನೊಂದು ನುಡಿದನು. ನಾನೂ ಮೊದಲು ಹಾಗೆಯೇ ಎಣಿಸಿದೆನು. ನಿಯಮಾವಳಿಗಳನ್ನೂ ಅವನ ಪ್ರತಿಯನ್ನೂ ಎದುರಿಗಿಟ್ಟುಕೊಂಡು ನಾಲ್ಕು ದಿನ ಓದಿದ ಮೇಲೆ ನನ್ನ ಅಭಿಪ್ರಾಯವು ಬದಲಾಯಿತು.

ಲೇಖನದ ಹೊರರೂಪವನ್ನು ವಿಚಾರಿಸುವುದು ನಮ್ಮವರಿಗೆ ಹೊಸದಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮುದ್ರಿಸಿ ಬೆಳಕಿಗೆ ತಂದ ಕೌಟಿಲೀಯ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ರಾಜಶಾಸನಗಳ ಬರವಣಿಗೆಗಾಗಿ ಒಂದು ಅಧ್ಯಾಯವೇ ಇದೆ. ಅಕಾಂತಿ, ವ್ಯಾಘಾತ, ಪುನರುಕ್ತ, ಅಪಶಬ್ದ, ಸಂಪ್ಲವ ಎಂದು ಲೇಖದೋಷಗಳು ಐದು. ಅಕಾಂತಿಯೆಂದರೆ ಕಪ್ಪಿಟ್ಟ ಓಲೆ, ಅಂದಗೆಟ್ಟು ಮಾಸಿದ ಅಕ್ಷರ. ಸಂಪ್ಲವವೆಂದರೆ ವಿಭಾಗವಿರಬಾರದ ಕಡೆ ವಿಭಾಗಿಸಿ, ಇರಬೇಕಾದ ಕಡೆ ಬಿಡುವುದು. ಅದೇ ಅಧಿಕರಣದಲ್ಲಿ, ಲೆಕ್ಕವನ್ನು ಕ್ರಮವಿಲ್ಲದೆ, ತಲೆಕೆಳಗಾಗಿ, ಅರಿಯಲಾಗದಂತೆ ಅಥವಾ ಎರಡು ಸಲ ಬರೆದ ಕರಣಿಕನಿಗೆ ೧೨ ಪಣಗಳ ದಂಡವು ವಿಧಿಸಲ್ಪಟ್ಟಿದೆ. ಇದು ಅಂದಗೇಡಿಗೆ ದಂಡವಲ್ಲ. ಕ್ರಮಗೆಟ್ಟ ಲೆಕ್ಕವನ್ನು ಯಾರೂ ಪರೀಕ್ಷಿಸಲಾರರೆಂಬುದೇ ಕಾರಣವೆಂದು ನನ್ನ ಮತ.

ಈಗಿನ ನಿಯಮಗಳಿಗೆ ಉದಾಹರಣೆಯಾಗಿ, ೧೯೧೧ರಿಂದ ನಡೆದುಬಂದಿರುವ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ ಪತ್ರಿಕೆಯನ್ನು ತೆಗೆದುಕೊಳ್ಳೋಣ. ಅಲ್ಲಿ ಸಾರಾಂಶವು ೧೦೦ ಪದಗಳನ್ನು ಮೀರಕೂಡದು. ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಗ್ರಂಥಾರಂಭದಲ್ಲಿಯೇ ತಿಳಿಸುವ ಶಾಸ್ತ್ರಪದ್ಧತಿಯನ್ನು ಬಲ್ಲವರಿಗೆ ಇದು ಕಷ್ಟವಲ್ಲ. ನನ್ನ ಸೋದರಳಿಯನ ಸಾರಾಂಶವಾದರೋ ಒಂದೂವರೆ ಪುಟ ಹಬ್ಬಿ, ಕೃಷಿಯ ಮಹತ್ತ್ವವನ್ನು ವರ್ಣಿಸಿ, ತಾನು ಕಂಡುಕೊಂಡುದೇನೆಂಬುದೊಂದನ್ನು ಮಾತ್ರ ಹೇಳದೆ ಮುಗಿದಿದ್ದಿತು. ಸಾರಾಂಶದ ಜೊತೆಗೆ ಜೆ.ಇ.ಎಲ್. ಎಂಬ ವರ್ಗಸಂಕೇತಗಳನ್ನು ಕೊಡಬೇಕು. ಶಾಸ್ತ್ರದ ವಿಭಾಗಗಳಿಗೆ ಇಂಗ್ಲಿಷ್ ಅಕ್ಷರಗಳು, ಒಳವಿಭಾಗಗಳಿಗೆ ಅಂಕೆಗಳು: ಆರ್ಥಿಕ ಇತಿಹಾಸಕ್ಕೆ ‘ಎನ್’, ಕೃಷಿಯ ಅರ್ಥಶಾಸ್ತ್ರಕ್ಕೆ ‘ಕ್ಯೂ’, ಅದರಲ್ಲಿ ಕೃಷಿಯ ಹಣಕಾಸಿಗೆ ‘ಕ್ಯೂ ೧೪’. ಇದು ತಪ್ಪಿದರೆ ಲೇಖನವು ಅದನ್ನು ಹುಡುಕುವವನಿಗೆ ಸಿಕ್ಕದು. ಅಕ್ಷರದ ಗಾತ್ರ, ಸಾಲುಗಳ ಅಂತರ, ಪುಟದ ಅಂಚು ಮೊದಲಾದವು ಪತ್ರಿಕೆಯಿಂದ ಪತ್ರಿಕೆಗೆ ಬೇರೆ. ಅವುಗಳಲ್ಲಿ ನನಗೆ ಯಾವ ತತ್ತ್ವವೂ ಕಾಣದು. ಹೇಳಿದಂತೆ ಮಾಡಿ ಮುಗಿಸತಕ್ಕದ್ದು.

ಆಕರಗಳನ್ನು ಸೂಚಿಸುವಲ್ಲಿ ಗ್ರಂಥಕರ್ತನ ಕುಲನಾಮವನ್ನೂ ಪ್ರಕಟನೆಯ ವರ್ಷವನ್ನೂ ವಾಕ್ಯದೊಳಗೇ ಕೊಡುವುದು ರೂಢಿ. ಬೆಂಗಳೂರಿನಲ್ಲಿ ೧೯೭೨ರಲ್ಲಿ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನೆಯ ಅಧ್ಯಯನಸಂಸ್ಥೆಯನ್ನು ಸ್ಥಾಪಿಸಿದ ವಿ.ಕೆ.ಆರ್.ವಿ. ರಾವ್ ಅವರನ್ನು ‘ರಾವ್’ ಎಂದರೆ ಸಾಕಾಗುವುದು. ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳನ್ನು ಮಾತ್ರ ಧರಿಸಿರುವ ನಮ್ಮವರಲ್ಲಿ ಕುಲನಾಮವೆಂಬುದು ಯಾವುದು? ನನ್ನ ಸೋದರಳಿಯನು ಒಬ್ಬನೇ ಗ್ರಂಥಕರ್ತನನ್ನು ಮೂರೆಡೆ ಮೂರು ಬಗೆಯಾಗಿ ಬರೆದು ಮೂವರನ್ನಾಗಿ ಮಾಡಿದ್ದನು. ನಾಗವರ್ಮರನ್ನು ಬೇರೆಬೇರೆಯಾಗಿ ಗುರುತಿಸಲು ವಿದ್ವಾಂಸರು ಪಟ್ಟ ಪಾಡನ್ನು ಬಲ್ಲ ವಾಚಕರಿಗೆ ಇದರ ತೊಂದರೆಯನ್ನು ವಿವರಿಸಬೇಕಾದುದಿಲ್ಲ. ಕರ್ತೃವು ತನ್ನ ಗ್ರಂಥದ ಮೇಲೆ ತಾನೇ ಅಚ್ಚುಹಾಕಿಸಿಕೊಂಡ ರೂಪವನ್ನು ಹಿಡಿದು, ಕೊನೆಯವರೆಗೂ ಅದನ್ನೇ ಬಳಸುವುದು ಯುಕ್ತ.

ಕೋಷ್ಟಕಗಳ ವಿಚಾರವು ಎಲ್ಲಕ್ಕಿಂತ ಮುಖ್ಯವಾದುದು. ಪ್ರತಿಯೊಂದು ಕೋಷ್ಟಕಕ್ಕೂ ಶಿರೋನಾಮೆ, ಪ್ರತಿ ಕಂಬಕ್ಕೂ ಮಾನ, ಅಡಿಯಲ್ಲಿ ಆಕರ ಮತ್ತು ಟಿಪ್ಪಣಿ ಇರಬೇಕು. ಪ್ರಬಂಧವನ್ನು ಓದದೆ ಕೋಷ್ಟಕವನ್ನಷ್ಟೇ ನೋಡಿದವನಿಗೂ ಅರ್ಥವಾಗಬೇಕು. ಲಕ್ಷ, ಕೋಟಿಗಳ ನಮ್ಮ ಎಣಿಕೆಯು ಹೊರದೇಶದವರಿಗೆ ತಿಳಿಯದು. ಅದಕ್ಕಿಂತಲೂ ಕೆಟ್ಟದ್ದು, ಒಂದು ಕಂಬವನ್ನು ರೂಪಾಯಿಗಳಲ್ಲಿಯೂ ಪಕ್ಕದ ಕಂಬವನ್ನು ಸಾವಿರ ರೂಪಾಯಿಗಳಲ್ಲಿಯೂ ಬರೆದು ಸುಮ್ಮನಿರುವುದು. ಅಂದಾಜಿನ ಬೆಲೆಯ ಕೆಳಗೆ ಅದರ ಪ್ರಮಾಣದೋಷವನ್ನು, ಅಂದರೆ ಆ ಅಂದಾಜು ಎಷ್ಟರಮಟ್ಟಿಗೆ ಅತ್ತಿತ್ತ ಆಗಬಹುದೆಂಬುದರ ಅಳತೆಯನ್ನು, ಆವರಣದಲ್ಲಿ ಕೊಡಬೇಕೆಂದೂ, ಮಹತ್ತ್ವವನ್ನು ಸೂಚಿಸಲು ನಕ್ಷತ್ರಚಿಹ್ನೆಗಳನ್ನು ಹಾಕಕೂಡದೆಂದೂ ಮೇಲೆ ಹೇಳಿದ ಪತ್ರಿಕೆಯ ಕಟ್ಟಳೆ. ನಕ್ಷತ್ರವು ಲೇಖಕನ ತೀರ್ಪು. ಆವರಣದ ಅಂಕಿಯಾದರೋ ತೀರ್ಪನ್ನು ಓದುಗನಿಗೆ ಬಿಡುವುದು.

ಇದು ಅತಿನಿಷ್ಠೆಯೆಂದು ತೋರುವವರು ಒಂದು ಪ್ರಸಂಗವನ್ನು ನೆನೆಯಬೇಕು. ೨೦೧೦ರಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ವಿದ್ವಾಂಸರು, ಸರ್ಕಾರದ ಸಾಲವು ದೇಶೀಯ ಉತ್ಪನ್ನದ ಶೇಕಡ ೯೦ನ್ನು ಮೀರಿದ ಮುಂದುವರಿದ ದೇಶಗಳಲ್ಲಿ ವಾರ್ಷಿಕ ಬೆಳವಣಿಗೆಯ ಸರಾಸರಿಯು ಶೇಕಡ ೦.೧ರಷ್ಟು ಸೊನ್ನೆಗಿಂತ ಕೆಳಗಿರುವುದೆಂದು ಅದೇ ಪತ್ರಿಕೆಯ ಸಮ್ಮೇಳನಸಂಚಿಕೆಯಲ್ಲಿ ಬರೆದರು. ಸರ್ಕಾರದ ವೆಚ್ಚವನ್ನು ಇಳಿಸಬೇಕೆಂಬವರಿಗೆ ಇದು ಆಧಾರವಾಯಿತು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿಯು ಆ ಅಂಕಿಯನ್ನು ತಾನಾಗಿ ಪಡೆಯಲಾರದೆ, ಕರ್ತೃಗಳಿಂದಲೇ ಗಣಕಯಂತ್ರದ ಲೆಕ್ಕದ ಹಾಳೆಯನ್ನು ಕೇಳಿ ತರಿಸಿಕೊಂಡು ನೋಡಲು, ಸರಾಸರಿಯ ಸೂತ್ರವು ಐದು ದೇಶಗಳ ಸಾಲುಗಳನ್ನು ಬಿಟ್ಟುಬಿಟ್ಟಿದ್ದಿತು. ಕೆಲವು ವರ್ಷಗಳ ಅಂಕಿಗಳೂ ಸೇರಿರಲಿಲ್ಲ. ದೇಶಗಳಿಗೆ ಕೊಟ್ಟ ತೂಕದ ಬಗೆಗೂ ಆಕ್ಷೇಪವಿದ್ದಿತು. ಎಲ್ಲವನ್ನೂ ತಿದ್ದಿದರೆ ಸರಾಸರಿಯು ಶೇಕಡ ೨.೨ ಎಂದು ಅವನೂ ಅವನ ಇಬ್ಬರು ಅಧ್ಯಾಪಕರೂ ೨೦೧೩ರಲ್ಲಿ ಪ್ರಕಟಿಸಿದರು. ಮೂಲಕರ್ತೃಗಳು ಸೂತ್ರದ ತಪ್ಪನ್ನು ಒಪ್ಪಿಕೊಂಡರು, ಉಳಿದ ಆಕ್ಷೇಪಗಳನ್ನು ಒಪ್ಪಲಿಲ್ಲ. ಆ ಹಾಳೆಯು ಮೊದಲೇ ಲೇಖನದ ಜೊತೆಗಿದ್ದಿದ್ದರೆ ಮೂರು ವರ್ಷ ಕಾಯಬೇಕಾಗುತ್ತಿರಲಿಲ್ಲ. ೨೦೧೯ರಿಂದ ಅಮೆರಿಕದ ಆ ಸಂಘದ ಪತ್ರಿಕೆಗಳಲ್ಲಿ, ಒಪ್ಪಿಗೆ ಪಡೆದ ಲೇಖನದ ಅಂಕಿಅಂಶಗಳನ್ನೂ ಗಣನೆಯ ಆಜ್ಞಾವಳಿಯನ್ನೂ ಅವುಗಳ ವಿವರಣಪತ್ರವನ್ನೂ ಪ್ರಕಟನೆಗೆ ಮುನ್ನವೇ ಅದಕ್ಕಾಗಿ ನಿಯಮಿತನಾದ ಸಂಪಾದಕನು ಪರಿಶೀಲಿಸುವನು. ತಾಳೆಯೋಲೆಗಳ ಪಾಠಾಂತರಗಳನ್ನೆಲ್ಲ ಅಡಿಯಲ್ಲಿ ಕೊಟ್ಟು, ತಾನು ಆರಿಸಿದ ಪಾಠವನ್ನು ಓದುಗನ ಪರೀಕ್ಷೆಗೆ ಒಡ್ಡುವ ಸಂಪಾದನಕಾರ್ಯಕ್ಕೂ ಇದಕ್ಕೂ ನನಗೆ ಭೇದವು ಕಾಣದು.

ನನ್ನ ಸೋದರಳಿಯನು ಪ್ರತಿಯನ್ನು ಮೊದಲಿನಿಂದ ಸಿದ್ಧಪಡಿಸಲು ಕುಳಿತನು. ಮೂರನೆಯ ಕೋಷ್ಟಕಕ್ಕೆ ಆಕರದ ಟಿಪ್ಪಣಿಯನ್ನು ಬರೆಯುವಾಗ, ಒಂದು ಹೋಬಳಿಯ ಮನೆಗಳೆಲ್ಲ ಎರಡು ಸಲ ಎಣಿಕೆಗೆ ಬಂದಿದ್ದುದು ಅವನಿಗೇ ಗೋಚರವಾಯಿತು. ತಿದ್ದಿದ ಮೇಲೆ ಪ್ರಬಂಧದ ಸಿದ್ಧಾಂತವು ನಿಂತಿತು. ಆದರೆ ಅವನು ಹೆಮ್ಮೆಯಿಂದ ಹೇಳುತ್ತಿದ್ದ ಅಂಕಿಯು ಬಹಳ ಇಳಿಯಿತು. ೧೨ ಪಣಗಳ ಮಾತನ್ನು ನಾನು ಎತ್ತಲಿಲ್ಲ. ಪ್ರತಿಯನ್ನು ಅದೇ ಪತ್ರಿಕೆಗೆ ಮತ್ತೆ ಕಳುಹಿಸಿದ್ದಾನೆ. ಉತ್ತರವು ಇನ್ನೂ ಬಂದಿಲ್ಲ.