ಸತ್ತರೆ ಹೂಳೋರು ಯಾರು? ಅಮೆರಿಕದ ಜೆಕ್ ಊರುಗಳ ಇನ್ಶೂರೆನ್ಸ್ ಕತೆ

ಅಮೆರಿಕಕ್ಕೆ ವಲಸೆ ಹೋದವರ ಕತೆ ಅಂದ್ರೆ ನಮಗೆ ನೆನಪಾಗೋದು ಹಡಗು, ನ್ಯೂಯಾರ್ಕ್, ಫ್ಯಾಕ್ಟರಿ. ಇವತ್ತು ನೆಬ್ರಾಸ್ಕ, ಅಯೋವ, ಟೆಕ್ಸಸ್ ಕಡೆಯ ಪುಟ್ಟ ಊರುಗಳಿಗೆ ಹೋಗೋಣ. ಅಲ್ಲಿ ನೆಲೆಸಿದ ಜೆಕ್ ಜನ ಅಷ್ಟು ವರ್ಷ ಒಟ್ಟಾಗಿ ಉಳಿದಿದ್ದು ಹೇಗೆ? ತಿಂಡಿ, ಹಾಡು, ಹಬ್ಬ ಅಂತ ಎಲ್ಲರೂ ಹೇಳ್ತಾರೆ. ನಾನು ಇನ್ಶೂರೆನ್ಸ್ ಅಂತೀನಿ. ನಗಬೇಡಿ, ಕಾಮರ್ಸ್ ಓದಿದ ತಲೆ ಇದು, ಮೊದಲು ಲೆಕ್ಕದ ಪುಸ್ತಕವನ್ನೇ ನೋಡುತ್ತೆ.

ಜೆಕ್ ಜನರ ಬೊಹೀಮಿಯಾ, ಮೊರಾವಿಯಾ ಆಗ ಆಸ್ಟ್ರಿಯಾದ ಅರಸರ ಕೈಯಲ್ಲಿದ್ದವು. 1848ರ ಕ್ರಾಂತಿ ಸೋತ ಮೇಲೆ ಕೆಲವರು ದೇಶ ಬಿಟ್ಟರು. ಹೆಚ್ಚಿನವರನ್ನು ಎಳೆದಿದ್ದು ಮಾತ್ರ ಜಮೀನು. 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ ನೆಬ್ರಾಸ್ಕದಂಥ ಕಡೆ 160 ಎಕರೆ ಪಡೆದು, ಐದು ವರ್ಷ ಅಲ್ಲೇ ಇದ್ದು ಬೇಸಾಯ ಮಾಡಿದರೆ ಅದು ನಿಮ್ಮದೇ. (ಅದು ಮೂಲನಿವಾಸಿಗಳಿಂದ ಕಿತ್ತುಕೊಂಡ ನೆಲ. ಅದು ಇನ್ನೊಂದು ಎಪಿಸೋಡಿನಷ್ಟು ದೊಡ್ಡ ಕತೆ.)

ಜಮೀನೇನೋ ಸಿಕ್ತು. ಆದರೆ ದುಡಿಯೋ ಗಂಡಸು ಸತ್ತರೆ ಹೆಂಡತಿ ಮಕ್ಕಳ ಗತಿ? ಸರ್ಕಾರದ ಪಿಂಚಣಿ ಇಲ್ಲ, ನೆಂಟರು ಸಮುದ್ರದಾಚೆ. ಜೊತೆಗೆ ಜೆಕ್ ವಲಸಿಗರಲ್ಲಿ ತುಂಬಾ ಜನ ಚರ್ಚ್ ಬಿಟ್ಟವರು. ಅವರಿಗೆ ಚರ್ಚಿನ ಸ್ಮಶಾನದಲ್ಲಿ ಜಾಗ ಸಿಗೋದೂ ಕಷ್ಟ. ವಿಲ್ಲಾ ಕ್ಯಾಥರ್ ಅವರ 1918ರ ಕಾದಂಬರಿ 'ಮೈ ಆಂಟೊನಿಯಾ' ಓದಿ. ನೆಬ್ರಾಸ್ಕದ ಜೆಕ್ ರೈತನೊಬ್ಬ ಆತ್ಮಹತ್ಯೆ ಮಾಡಿಕೊಂಡಾಗ ಸ್ಮಶಾನ ಸಿಗದೆ ಅವನನ್ನು ಸ್ವಂತ ಜಮೀನಿನ ಮೂಲೆಯಲ್ಲೇ ಹೂಳ್ತಾರೆ. ಕ್ಯಾಥರ್ ಬಲ್ಲ ನಿಜವಾದ ಒಂದು ಕುಟುಂಬದ ಬದುಕೇ ಆ ಪುಸ್ತಕಕ್ಕೆ ಆಧಾರ.

ಈ ಭಯಕ್ಕೆ ಉತ್ತರವಾಗಿ 1854ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಸಿ.ಎಸ್.ಪಿ.ಎಸ್. ಅನ್ನೋ ಸಹಾಯ ಸಂಘ ಹುಟ್ಟಿತು. ಸದಸ್ಯರೆಲ್ಲ ಹಣ ಹಾಕ್ತಾರೆ, ಒಬ್ಬ ಸತ್ತರೆ ಅವನ ಮನೆಯವರಿಗೆ ದುಡ್ಡು ಹೋಗುತ್ತೆ. ಸಂಘದ ಶಾಖೆಗಳಿಗೆ ಲಾಡ್ಜ್ ಅಂತ ಹೆಸರು. ನಮ್ಮಲ್ಲಿ ಲಾಡ್ಜ್ ಅಂದ್ರೆ ರೂಮು, ಅದಲ್ಲ. ಲಾಡ್ಜ್ ಸೇರೋಕೆ ಒಂದು ಹಾಲ್ ಬೇಕಲ್ಲ, ಕಟ್ಟಿದರು. ಕಟ್ಟಿದ ಹಾಲ್‌ನಲ್ಲೇ ನಾಟಕ, ಕುಣಿತ, ಮದುವೆ ಎಲ್ಲ. ಮೀಟಿಂಗ್, ಲೆಕ್ಕಪತ್ರ ಜೆಕ್ ಭಾಷೆಯಲ್ಲೇ. ಭಾಷೆ ಉಳಿಸೋಣ ಅಂತ ಯಾರೂ ಅಲ್ಲಿಗೆ ಬರ್ತಿರಲಿಲ್ಲ, ಪ್ರೀಮಿಯಂ ಕಟ್ಟೋಕೆ ಬರ್ತಿದ್ರು. ಭಾಷೆ ಜೊತೆಗೇ ಉಳೀತು.

ಆದರೆ ಸ್ಕೀಮಿನಲ್ಲಿ ತೂತಿತ್ತು. ಇಪ್ಪತ್ತೈದರ ಹುಡುಗನಿಗೂ ಐವತ್ತೈದರ ಯಜಮಾನನಿಗೂ ಒಂದೇ ದರ. ಹಳೇ ನಗರಗಳ ಸದಸ್ಯರಿಗೆ ವಯಸ್ಸಾಗ್ತಾ ಬಂತು, ಪಶ್ಚಿಮದ ಯುವ ರೈತರು ಅವರ ಸಾವಿಗೆ ದುಡ್ಡು ಕಟ್ಟಬೇಕಾಯ್ತು. ವಯಸ್ಸಿಗೆ ತಕ್ಕ ದರ ಇಡಿ, ಹೆಂಗಸರನ್ನೂ ಸಮಾನವಾಗಿ ಸೇರಿಸಿಕೊಳ್ಳಿ ಅಂತ ಕೇಳಿದರು. ಆಗಲಿಲ್ಲ. 1897ರಲ್ಲಿ ಒಮಾಹಾದಲ್ಲಿ ಬೇರೆ ಸಂಘವನ್ನೇ ಕಟ್ಟಿದರು. ವಿಮೆಯ ವಿಚಾರದಲ್ಲೇ ಬೇಸತ್ತ ಟೆಕ್ಸಸ್‌ನವರೂ ಅದೇ ವರ್ಷ ಎಸ್.ಪಿ.ಜೆ.ಎಸ್.ಟಿ. ಶುರು ಮಾಡಿದರು. ಈ ಜಗಳ ನನಗೆ ತುಂಬಾ ಇಷ್ಟ. ಒಂದೇ ಭಾಷೆಯವರು ಅನ್ನೋ ಕಾರಣಕ್ಕೆ ಅನ್ಯಾಯದ ದರ ಒಪ್ಪಿಕೊಳ್ಳಲಿಲ್ಲ ನೋಡಿ.

ಹೊಡೆತ ಹೊರಗಿನಿಂದಲೂ ಬಂತು. ಮೊದಲ ಮಹಾಯುದ್ಧದಲ್ಲಿ, 1918ರಲ್ಲಿ, ಅಯೋವದ ಗವರ್ನರ್ ಹಾರ್ಡಿಂಗ್ ಶಾಲೆ, ಚರ್ಚು, ರೈಲು, ಕೊನೆಗೆ ಟೆಲಿಫೋನಿನಲ್ಲೂ ಇಂಗ್ಲಿಷ್ ಮಾತ್ರ ಅಂತ ಆಜ್ಞೆ ಹೊರಡಿಸಿದರು. ಗುರಿ ಜರ್ಮನ್ ಭಾಷೆ, ಆದರೆ ಜೆಕ್ ಭಾಷೆಗೂ ಪೆಟ್ಟು. ಜೆಕ್ ಜನ ಆಗ ಅಮೆರಿಕದ ಪರವಾಗೇ ಇದ್ದವರು! 1919ರಲ್ಲಿ ನೆಬ್ರಾಸ್ಕ ಎಂಟನೇ ಕ್ಲಾಸು ಪಾಸಾಗದ ಮಕ್ಕಳಿಗೆ ಪರಭಾಷೆ ಕಲಿಸೋದನ್ನೇ ನಿಷೇಧಿಸಿತು. 1923ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅಷ್ಟರಲ್ಲಿ ಮಕ್ಕಳಿಗೆ ಇಂಗ್ಲಿಷೇ ಕ್ಷೇಮ ಅನ್ನೋದು ಎಷ್ಟೋ ಮನೆಗಳಿಗೆ ಅರ್ಥವಾಗಿತ್ತು.

ಟೆಕ್ಸಸ್‌ನ ಸಂಘ 1912ರಲ್ಲಿ 'ವೆಸ್ಟ್ನಿಕ್' ಅನ್ನೋ ಪತ್ರಿಕೆ ಶುರು ಮಾಡಿದಾಗ ಅದು ಜೆಕ್ ಭಾಷೆಯಲ್ಲಿತ್ತು. ಆಮೇಲೆ ಇಂಗ್ಲಿಷಿಗೆ ಬದಲಾಯಿತು. ಅಲ್ಲಿನ ಮೊರಾವಿಯಾ ಶೈಲಿಯ ಜೆಕ್ ಮಾತನ್ನು ಈಗ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದವರು ಅಜ್ಜ ಅಜ್ಜಿಯರ ರೆಕಾರ್ಡಿಂಗ್‌ಗಳಲ್ಲಿ ಕೂಡಿಟ್ಟಿದ್ದಾರೆ. ಸಂಘ ಮಾತ್ರ ಮುಚ್ಚಿಲ್ಲ. ಈಗಲೂ ಲೈಫ್ ಇನ್ಶೂರೆನ್ಸ್ ಮಾರ್ತಿದೆ.